ಉಳದ ನೆಲಕ್ಕೂ ಗೇಣಿ: ಅಮೆರಿಕದ ಹುಲ್ಲುಗಾವಲು ಸಹಾಯಧನ

ಬೆಳೆ ಬೆಳೆಯುವುದಕ್ಕೆ ಸರ್ಕಾರ ಸಹಾಯಧನ ಕೊಡುವುದು ನಿಮಗೆಲ್ಲ ತಿಳಿದ ಸಂಗತಿ. ಬೀಜಕ್ಕೆ, ಗೊಬ್ಬರಕ್ಕೆ, ಪಂಪ್‌ಸೆಟ್ಟಿಗೆ, ಯಂತ್ರಗಳಿಗೆ ಹೀಗೆ ಹಣ ಬರುತ್ತದೆ. ಆದರೆ ಬೆಳೆ ಬೆಳೆಯದೆ, ನೇಗಿಲು ಹೂಡದೆ, ಹೊಲದಲ್ಲಿ ಹುಲ್ಲನ್ನೇ ಉಳಿಸಿಕೊಂಡವನಿಗೆ ಸರ್ಕಾರ ವರ್ಷವರ್ಷವೂ ಎಕರೆಗೆ ಇಷ್ಟೆಂದು ಹಣ ಎಣಿಸಿದರೆ? ಕೇಳಿದೊಡನೆ ವಿಚಿತ್ರವೆನಿಸಬಹುದು. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಇಂಥ ವ್ಯವಸ್ಥೆ 1985ರ ಕಾನೂನಿನಿಂದ ಬಂದಿತು. ಅಲ್ಲಿ ಸರ್ಕಾರವೇ ರೈತನ ಹೊಲಕ್ಕೆ ಒಂದು ಬಗೆಯ ಗೇಣಿದಾರನಾಯಿತು. ಗೇಣಿ ಕೊಡುವುದು ಅದು. ಆದರೆ ಉಳುವುದಿಲ್ಲ, ಬಿತ್ತುವುದಿಲ್ಲ. ಹುಲ್ಲು ನೆಲವನ್ನು ಹಿಡಿದಿಟ್ಟುಕೊಳ್ಳಲಿ ಎಂಬುದೇ ಅದರ ಬಯಕೆ.

ಈ ಯೋಜನೆ ಏಕೆ ಹುಟ್ಟಿತು, ಹೇಗೆ ನಡೆಯುತ್ತದೆ, ಅದರಿಂದ ರೈತನಿಗೆ ಲಾಭವೆಷ್ಟು, ಅದು ಎಲ್ಲಿ ಎಡವಿತು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಹುಲ್ಲು ಮಾಡುವ ಕೆಲಸ

ಹುಲ್ಲುಗಾವಲೆಂದರೆ ಪಾಳು ಬಿದ್ದ ಭೂಮಿ ಎಂಬ ಭಾವನೆ ಅನೇಕರಲ್ಲಿದೆ. ಇದು ಸರಿಯಲ್ಲ. ಒಂದು ಹಿಡಿ ಹುಲ್ಲನ್ನು ಬುಡಸಮೇತ ಅಗೆದು ನೋಡಿರಿ. ಮೇಲೆ ಕಾಣುವುದಕ್ಕಿಂತ ಕೆಳಗಿನ ಬೇರಿನ ಜಾಲವೇ ದಟ್ಟವಾಗಿರುತ್ತದೆ. ಅಮೆರಿಕದ ಬಯಲು ಪ್ರದೇಶದ ಎತ್ತರದ ಹುಲ್ಲುಗಳಲ್ಲಿ ಈ ಬೇರುಗಳು ಆಳಿಗಿಂತ ಹೆಚ್ಚು ಆಳಕ್ಕೆ ಇಳಿಯುತ್ತವೆ.

ಮಳೆಯ ಹನಿ ಬರಿ ನೆಲಕ್ಕೆ ಬಡಿದಾಗ ಮಣ್ಣಿನ ಹೆಂಟೆ ಒಡೆದು, ನಯವಾದ ಕಣಗಳು ರಂಧ್ರಗಳನ್ನು ಮುಚ್ಚುತ್ತವೆ. ನೀರು ಇಂಗದೆ ಹರಿಯುತ್ತದೆ. ಹರಿಯುವಾಗ ಮೇಲ್ಮಣ್ಣನ್ನೂ ಕೊಂಡೊಯ್ಯುತ್ತದೆ. ಹುಲ್ಲಿನ ಹೊದಿಕೆಯಿದ್ದರೆ ಹನಿಯ ಹೊಡೆತವನ್ನು ಎಲೆ ತಾಳಿಕೊಳ್ಳುತ್ತದೆ, ಕಾಂಡ ನೀರಿನ ಓಟವನ್ನು ತಡೆಯುತ್ತದೆ, ಸತ್ತ ಬೇರು ಬಿಟ್ಟ ದಾರಿಯಲ್ಲಿ ನೀರು ಕೆಳಗಿಳಿಯುತ್ತದೆ. ಬೇಸಿಗೆಯ ಗಾಳಿಗೂ ಹೀಗೆಯೇ ಅಡ್ಡಿ. ಬೇರುಗಳು ಕೊಳೆತು ಮಣ್ಣಿಗೆ ಸಾವಯವ ಅಂಶ ಸೇರುತ್ತದೆ. ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳಿಗೂ ಪರಾಗಸ್ಪರ್ಶ ಮಾಡುವ ದುಂಬಿಗಳಿಗೂ ಅದೇ ಮನೆ.

ಇವೆಲ್ಲ ಲಾಭಗಳೇ. ಆದರೆ ಇವುಗಳಲ್ಲಿ ಹೆಚ್ಚಿನವು ಹೊಲದ ಒಡೆಯನ ಕೈಗೆ ಹಣವಾಗಿ ಬರುವುದಿಲ್ಲ. ಕೆರೆಗೆ ಹೂಳು ಬಾರದಿದ್ದರೆ ಲಾಭ ಕೆಳಗಿನ ಊರಿಗೆ. ನೀರು ತಿಳಿಯಾಗಿದ್ದರೆ ಲಾಭ ಪಟ್ಟಣಕ್ಕೆ. ಹುಲ್ಲು ಕಾಯುವವನೊಬ್ಬ, ಫಲ ಉಣ್ಣುವವರು ಹಲವರು. ಆದ್ದರಿಂದ ಕಾಯುವವನಿಗೆ ಎಲ್ಲರ ಪರವಾಗಿ ಸರ್ಕಾರ ಸ್ವಲ್ಪ ಹಣ ಕೊಡಬೇಕೆಂಬುದೇ ಇಂಥ ಸಹಾಯಧನದ ಹಿಂದಿರುವ ವಿಚಾರ.

ದೂಳಿನ ವರ್ಷಗಳು

ಈ ವಿಚಾರವನ್ನು ಅಮೆರಿಕ ಪುಸ್ತಕದಿಂದ ಕಲಿಯಲಿಲ್ಲ, ಪೆಟ್ಟು ತಿಂದು ಕಲಿಯಿತು. ಕ್ಯಾನ್ಸಾಸ್, ಒಕ್ಲಹೋಮ, ಟೆಕ್ಸಾಸ್, ಕೊಲರಾಡೊ, ನ್ಯೂ ಮೆಕ್ಸಿಕೊ ರಾಜ್ಯಗಳು ಕೂಡುವ ಬಯಲಿನಲ್ಲಿ ಮಳೆ ಕಡಿಮೆ. ನಮ್ಮ ಬಯಲುಸೀಮೆಯ ಒಣ ತಾಲ್ಲೂಕುಗಳಂತೆಯೇ ಎನ್ನಬಹುದು. ಅಲ್ಲಿ ಹಿಂದೆ ಕುರುಚಲು ಹುಲ್ಲು ಹರಡಿತ್ತು, ಕಾಡೆಮ್ಮೆಗಳು ಮೇಯುತ್ತಿದ್ದವು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಗೋಧಿಗೆ ಒಳ್ಳೆಯ ಬೆಲೆ ಬಂದಿತು. ಟ್ರ್ಯಾಕ್ಟರುಗಳೂ ಬಂದವು. ನೂರಾರು ಮೈಲಿ ಹುಲ್ಲುನೆಲವನ್ನು ಮಗುಚಿ ಗೋಧಿ ಬಿತ್ತಲಾಯಿತು.

ಆಮೇಲೆ ಎರಡು ಕಷ್ಟಗಳು ಒಟ್ಟಿಗೆ ಬಂದವು. 1930ರ ಆಸುಪಾಸಿನಲ್ಲಿ ಬೆಲೆ ಕುಸಿಯಿತು. ಬೆನ್ನ ಹಿಂದೆಯೇ ಬರ ಬಂದಿತು. ಬೆಳೆಯಿಲ್ಲದ ಬರಿ ಹೊಲದಲ್ಲಿ ಮಣ್ಣನ್ನು ಹಿಡಿಯಲು ಬೇರೇ ಇರಲಿಲ್ಲ. ಗಾಳಿ ಎದ್ದಾಗ ಮಣ್ಣೂ ಎದ್ದಿತು. 1935ರ ಏಪ್ರಿಲ್ 14ರ ಭಾನುವಾರ ಎದ್ದ ದೂಳಿನ ಬಿರುಗಾಳಿ ಹಗಲನ್ನೇ ಕತ್ತಲು ಮಾಡಿತು. ಆ ದಿನ ‘ಕರಾಳ ಭಾನುವಾರ’ ಎಂದೇ ಹೆಸರಾಯಿತು. ಲಕ್ಷಾಂತರ ಜನ ಊರು ಬಿಟ್ಟರು. ಅದೇ ತಿಂಗಳ 27ರಂದು ಮಣ್ಣು ಸಂರಕ್ಷಣಾ ಕಾನೂನು ಜಾರಿಗೆ ಬಂದು, ಹ್ಯೂ ಹ್ಯಾಮಂಡ್ ಬೆನೆಟ್ ಎಂಬ ಮಣ್ಣುವಿಜ್ಞಾನಿಯ ಮುಂದಾಳುತನದಲ್ಲಿ ಮಣ್ಣು ಸಂರಕ್ಷಣಾ ಸೇವೆ ಆರಂಭವಾಯಿತು. ತೀರ ಹಾಳಾದ ಹೊಲಗಳನ್ನು ಸರ್ಕಾರ ಕೊಂಡುಕೊಂಡು ಮತ್ತೆ ಹುಲ್ಲು ಬೆಳೆಸಿತು.

ಆದರೆ ಎಲ್ಲ ಹೊಲಗಳನ್ನೂ ಸರ್ಕಾರ ಕೊಳ್ಳಲಾಗದು. ಭೂಮಿ ರೈತನದಾಗಿಯೇ ಇದ್ದು ಅದರಲ್ಲಿ ಹುಲ್ಲು ಉಳಿಯುವುದು ಹೇಗೆ? 1956ರಲ್ಲಿ ‘ಮಣ್ಣಿನ ಬ್ಯಾಂಕ್’ ಎಂಬ ಯೋಜನೆಯಿಂದ ಮೊದಲ ಪ್ರಯತ್ನ ನಡೆಯಿತು. 1960ರ ವೇಳೆಗೆ ಸುಮಾರು 2 ಕೋಟಿ 80 ಲಕ್ಷ ಎಕರೆ ಅದರಲ್ಲಿ ಸೇರಿತ್ತು. ಕರಾರುಗಳು ಮುಗಿದವು, 1972ರಲ್ಲಿ ಸೋವಿಯತ್ ದೇಶ ಭಾರಿ ಪ್ರಮಾಣದಲ್ಲಿ ಧಾನ್ಯ ಕೊಂಡಿತು, ಬೆಲೆ ಏರಿತು. ಬದುವಿನಿಂದ ಬದುವಿಗೆ ಉಳುಮೆ ನಡೆಯಿತು. ಹುಲ್ಲಾಗಿದ್ದ ನೆಲ ಮತ್ತೆ ಹೊಲವಾಯಿತು.

1985ರ ಕಾನೂನು

1980ರ ದಶಕದ ಮೊದಲಲ್ಲಿ ಅಮೆರಿಕದ ಕಣಜಗಳಲ್ಲಿ ಧಾನ್ಯ ತುಂಬಿ ತುಳುಕುತ್ತಿತ್ತು, ಬೆಲೆ ಬಿದ್ದಿತ್ತು, ರೈತರು ಸಾಲದಲ್ಲಿದ್ದರು. ಅತ್ತ ಮಣ್ಣಿನ ಸವಕಳಿಯೂ ಹೆಚ್ಚಿತ್ತು. 1985ರ ಡಿಸೆಂಬರ್ 23ರಂದು ಅಧ್ಯಕ್ಷ ರೇಗನ್ ಸಹಿ ಮಾಡಿದ ಆಹಾರ ಭದ್ರತಾ ಕಾನೂನು ಒಂದೇ ಕಲ್ಲಿನಿಂದ ಈ ಎರಡೂ ಹಣ್ಣುಗಳನ್ನು ಉದುರಿಸಲು ನೋಡಿತು. ಅದರಲ್ಲಿ ಹುಟ್ಟಿದ್ದೇ ‘ಕನ್ಸರ್ವೇಶನ್ ರಿಸರ್ವ್ ಪ್ರೋಗ್ರಾಂ’. ನಾವು ಇದನ್ನು ಮೀಸಲು ಭೂಮಿ ಯೋಜನೆ ಎಂದು ಕರೆಯೋಣ.

ಅದರ ಮುಖ್ಯ ಅಂಶಗಳು ಹೀಗಿವೆ:

1. ಸುಲಭವಾಗಿ ಸವೆಯುವ ಸಾಗುವಳಿ ಭೂಮಿಯನ್ನು ರೈತ 10ರಿಂದ 15 ವರ್ಷಗಳ ಕರಾರಿನ ಮೇಲೆ ಉಳುಮೆಯಿಂದ ಬಿಡಿಸಿ, ಹುಲ್ಲು ಅಥವಾ ಮರಗಳನ್ನು ಬೆಳೆಸಬೇಕು.

2. ಸರ್ಕಾರ ಪ್ರತಿವರ್ಷ ಎಕರೆಗೆ ಗೊತ್ತಾದ ಗೇಣಿ ಕೊಡುತ್ತದೆ. ಹುಲ್ಲು ಬಿತ್ತುವ ಖರ್ಚಿನಲ್ಲಿ ಅರ್ಧದವರೆಗೆ ಬೇರೆಯಾಗಿ ಕೊಡುತ್ತದೆ.

3. ಒಂದು ಜಿಲ್ಲೆಯ ಸಾಗುವಳಿ ಭೂಮಿಯಲ್ಲಿ ಸಾಮಾನ್ಯವಾಗಿ ಕಾಲುಭಾಗಕ್ಕಿಂತ ಹೆಚ್ಚು ಸೇರಿಸಿಕೊಳ್ಳುವಂತಿಲ್ಲ. ಮಣ್ಣಿನ ಬ್ಯಾಂಕಿನ ಕಾಲದಲ್ಲಿ ಕೆಲವು ಕಡೆ ಪೂರ್ತಿ ಜಮೀನುಗಳೇ ಬೀಳಾಗಿ, ಬೀಜ-ಗೊಬ್ಬರದ ಅಂಗಡಿಗಳೂ ಕೂಲಿಗಳೂ ಕೆಲಸವಿಲ್ಲದೆ ಕುಳಿತಿದ್ದರಿಂದ ಈ ಮಿತಿ ಬಂದಿತು.

4. ಒಬ್ಬನಿಗೆ ವರ್ಷಕ್ಕೆ 50,000 ಡಾಲರಿಗಿಂತ ಹೆಚ್ಚು ಗೇಣಿ ಇಲ್ಲ.

5. ಕರಾರನ್ನು ಮುರಿದವನು ಅದುವರೆಗೆ ಪಡೆದ ಹಣವನ್ನು ಬಡ್ಡಿಸಮೇತ ಹಿಂತಿರುಗಿಸಬೇಕು.

ಕೊಡುವ ಕೈಯ ಜೊತೆಗೆ ತಡೆಯುವ ಕೈಯೂ ಈ ಕಾನೂನಿನಲ್ಲಿತ್ತು. ಸವೆಯುವ ಹೊಸ ನೆಲವನ್ನು ಮಣ್ಣು ರಕ್ಷಣೆಯ ಕ್ರಮವಿಲ್ಲದೆ ಉತ್ತವನಿಗೆ ಸರ್ಕಾರದ ಇತರ ಕೃಷಿ ಸಹಾಯಗಳು ನಿಲ್ಲುತ್ತಿದ್ದವು.

ಅರ್ಜಿಯಿಂದ ಹುಲ್ಲಿನವರೆಗೆ

ರೈತ ಅರ್ಜಿ ಹಾಕುವುದು ಜಿಲ್ಲಾ ಮಟ್ಟದ ಕೃಷಿ ಸೇವಾ ಕಚೇರಿಯಲ್ಲಿ. ಭೂಮಿಗೆ ಸಾಗುವಳಿಯ ಇತಿಹಾಸವಿರಬೇಕು. 2018ರ ಕಾನೂನಿನ ಪ್ರಕಾರ, 2012ರಿಂದ 2017ರವರೆಗಿನ 6 ವರ್ಷಗಳಲ್ಲಿ 4 ವರ್ಷವಾದರೂ ಬೆಳೆ ತೆಗೆದಿರಬೇಕು. ಎಕರೆಗೆ ಎಷ್ಟು ಗೇಣಿ ಬೇಕೆಂದು ರೈತನೇ ಬರೆದು ಕೊಡುತ್ತಾನೆ. ಅರ್ಜಿಗಳಿಗೆ ಅಂಕಗಳನ್ನು ಹಾಕಲಾಗುತ್ತದೆ. ಮಣ್ಣಿನ ಸವಕಳಿ ಎಷ್ಟು ತಗ್ಗುತ್ತದೆ, ನೀರು ಎಷ್ಟು ಶುದ್ಧವಾಗುತ್ತದೆ, ವನ್ಯಜೀವಿಗಳಿಗೆ ಎಷ್ಟು ಅನುಕೂಲ, ದೂಳು ಎಷ್ಟು ಕಡಿಮೆಯಾಗುತ್ತದೆ, ಕರಾರು ಮುಗಿದ ಮೇಲೂ ಫಲ ಉಳಿಯುವುದೇ, ಖರ್ಚೆಷ್ಟು ಎಂಬಿವುಗಳ ಮೇಲೆ ಅಂಕ. ಕಡಿಮೆ ಗೇಣಿ ಕೇಳಿದವನಿಗೂ, ಹಲವು ಜಾತಿಯ ನಾಡಹುಲ್ಲುಗಳನ್ನು ಬೆರೆಸಿ ಬಿತ್ತಲು ಒಪ್ಪಿದವನಿಗೂ ಹೆಚ್ಚು ಅಂಕ ಸಿಗುತ್ತದೆ.

ಅರ್ಜಿ ಒಪ್ಪಿಗೆಯಾದರೆ ತಾಂತ್ರಿಕ ಸಿಬ್ಬಂದಿ ಹೊಲ ನೋಡಿ ಯೋಜನೆ ಬರೆದು ಕೊಡುತ್ತಾರೆ. ಬ್ಲೂಸ್ಟೆಮ್, ಸ್ವಿಚ್ ಹುಲ್ಲು ಮುಂತಾದವುಗಳ ಜೊತೆಗೆ ದ್ವಿದಳ ಮತ್ತು ಹೂಬಿಡುವ ಗಿಡಗಳ ಬೀಜವನ್ನೂ ಬೆರೆಸಲಾಗುತ್ತದೆ. ಈ ಬೀಜಗಳು ಬೆಲೆಬಾಳುವವು, ಮೊಳಕೆಯೂ ನಿಧಾನ. ಮೊದಲ 2-3 ವರ್ಷ ಕಳೆಯೇ ಕಣ್ಣಿಗೆ ಕಾಣುತ್ತದೆ. ಹುಲ್ಲು ಆ ಕಾಲದಲ್ಲಿ ಕೆಳಗೆ ಬೇರು ಬಿಡುತ್ತಿರುತ್ತದೆ. ತಾಳ್ಮೆಗೆಟ್ಟು ಮತ್ತೆ ನೇಗಿಲು ಹೂಡಿದರೆ ಖರ್ಚೆಲ್ಲ ನೀರುಪಾಲು. ಹುಲ್ಲು ನಿಂತ ಮೇಲೂ ಕೈಕಟ್ಟಿ ಕೂರುವಂತಿಲ್ಲ. ಕಳೆಗಳನ್ನು ಹತೋಟಿಯಲ್ಲಿಡಬೇಕು, ಕರಾರಿನ ನಡುವೆ ಹತೋಟಿಯ ಬೆಂಕಿ ಹಾಕಿ ಅಥವಾ ಲಘುವಾಗಿ ಹರಗಿ ಹುಲ್ಲನ್ನು ಹೊಸದಾಗಿಸಬೇಕು.

ಮೇವು ಕೊಯ್ಯಬಹುದೇ, ದನ ಬಿಡಬಹುದೇ ಎಂದು ನೀವು ಕೇಳಬಹುದು. ಮಿತಿಯೊಳಗೆ ಅವಕಾಶವಿದೆ. ಹಕ್ಕಿಗಳು ಗೂಡು ಕಟ್ಟುವ ಕಾಲದಲ್ಲಿ ಸಾಮಾನ್ಯವಾಗಿ ಕೊಯ್ಯುವಂತಿಲ್ಲ; ಕೊಯ್ದ ವರ್ಷ ಕೆಲವು ಸಂದರ್ಭಗಳಲ್ಲಿ ಗೇಣಿಯ ಕಾಲುಭಾಗ ಕಡಿತವಾಗುತ್ತದೆ. ಭೀಕರ ಬರ ಬಂದಾಗ ವಿಶೇಷ ಅನುಮತಿ ಸಿಗುತ್ತದೆ. 2012ರ ಬರಗಾಲದಲ್ಲಿ ಈ ಮೀಸಲು ಹುಲ್ಲನ್ನು ಮೇವಿಗಾಗಿ ತೆರೆಯಲಾಯಿತು. ಅಂದರೆ ಮೀಸಲು ಭೂಮಿ ಆಪತ್ತಿನ ಮೇವಿನ ಬಣವೆಯೂ ಆಯಿತು.

ರೈತನ ಲೆಕ್ಕ

ಇನ್ನು ಹಣದ ಮಾತಿಗೆ ಬರೋಣ. ಕೆಳಗಿನ ಅಂಕಿಗಳು ತಿಳಿವಳಿಕೆಗಾಗಿ ಇಟ್ಟುಕೊಂಡವೇ ಹೊರತು ಯಾವುದೇ ಊರಿನ ನಿಜ ದರಗಳಲ್ಲ.

ಒಬ್ಬ ರೈತನಿಗೆ 80 ಎಕರೆ ಇಳಿಜಾರಿನ ಗೋಧಿ ಹೊಲವಿದೆ ಎಂದಿಟ್ಟುಕೊಳ್ಳಿ. ಗೇಣಿ ಎಕರೆಗೆ 40 ಡಾಲರ್. ವರ್ಷಕ್ಕೆ 3,200, ಹತ್ತು ವರ್ಷಕ್ಕೆ 32,000 ಡಾಲರ್. ಹುಲ್ಲು ಬಿತ್ತಲು ಎಕರೆಗೆ 100 ಡಾಲರಿನಂತೆ 8,000 ಖರ್ಚು. ಅರ್ಧ ಸರ್ಕಾರದ್ದು, ಉಳಿದ 4,000 ಅವನದು. ಮೊದಲ ವರ್ಷ ಗೇಣಿ ಬಂದರೂ ಅವನ ಕೈಯಿಂದ 800 ಡಾಲರ್ ಹೋಗುತ್ತದೆ. ಹತ್ತು ವರ್ಷದ ಕೊನೆಗೆ ಎಕರೆಗೆ 350 ಡಾಲರ್, ಅಂದರೆ ವರ್ಷಕ್ಕೆ 35 ಡಾಲರ್ ಉಳಿಯುತ್ತದೆ. ಕಳೆ ತೆಗೆಸುವ ಖರ್ಚನ್ನು ಇದರಲ್ಲಿ ಕಳೆಯಬೇಕು.

ಗೋಧಿಯನ್ನೇ ಬೆಳೆದರೆ? ಹತ್ತರಲ್ಲಿ 5 ಒಳ್ಳೆಯ ವರ್ಷ, ಎಕರೆಗೆ 60 ಡಾಲರ್ ಲಾಭ. 5 ಕೆಟ್ಟ ವರ್ಷ, 30 ಡಾಲರ್ ನಷ್ಟ ಎಂದುಕೊಳ್ಳಿ. ಒಟ್ಟು ಉಳಿಯುವುದು 150 ಡಾಲರ್, ವರ್ಷಕ್ಕೆ 15. ಹುಲ್ಲೇ ಮೇಲು. ಅದೂ ಅಲ್ಲದೆ ಬರ ಬಂದರೂ ಗೇಣಿ ತಪ್ಪದು; ಬ್ಯಾಂಕಿನ ಕಂತು ಕಟ್ಟಬೇಕಾದವನಿಗೆ ಈ ನೆಚ್ಚಿಕೆ ದೊಡ್ಡದು.

ಆದರೆ ಗೋಧಿಯ ಬೆಲೆ ಏರಿ, ಒಳ್ಳೆಯ ವರ್ಷದ ಲಾಭ 60ರಿಂದ 120 ಡಾಲರಿಗೆ ಹೋಯಿತೆನ್ನಿ. ಈಗ ಹತ್ತು ವರ್ಷದ ಉಳಿತಾಯ 450, ವರ್ಷಕ್ಕೆ 45 ಡಾಲರ್. ಹುಲ್ಲು ಸೋತಿತು. ನೆಲ ಅದೇ, ಇಳಿಜಾರು ಅದೇ, ಸವಕಳಿಯೂ ಅದೇ. ಬದಲಾದದ್ದು ಪೇಟೆಯ ಧಾರಣೆ ಮಾತ್ರ. ಈ ಒಂದು ಲೆಕ್ಕದಲ್ಲಿಯೇ ಯೋಜನೆಯ ಬಲವೂ ದೌರ್ಬಲ್ಯವೂ ಅಡಗಿವೆ.

ಎಲ್ಲಿ ಎಡವಿತು?

ಮೊದಲನೆಯ ಕುಂದು ಗೇಣಿ ಗೊತ್ತುಮಾಡುವುದರಲ್ಲಿತ್ತು. ಆರಂಭದ ವರ್ಷಗಳಲ್ಲಿ ಒಂದೊಂದು ಪ್ರದೇಶಕ್ಕೆ ಇಂತಿಷ್ಟೇ ಗರಿಷ್ಠ ದರ ಎಂದು ಅಧಿಕಾರಿಗಳು ಗುಟ್ಟಾಗಿ ನಿಗದಿಮಾಡಿದ್ದರು. ಒಂದೆರಡು ಸುತ್ತು ಕಳೆಯುವುದರೊಳಗೆ ರೈತರು ಆ ಗುಟ್ಟನ್ನು ಊಹಿಸಿ ಎಲ್ಲರೂ ಅದೇ ದರ ಕೇಳತೊಡಗಿದರು. ಕೆಲವು ಕಡೆ ಬರಡು ಹೊಲಕ್ಕೂ ಅದರ ಯೋಗ್ಯತೆಗೆ ಮೀರಿದ ಗೇಣಿ ಸಿಕ್ಕಿತು. 1990ರ ಹೊತ್ತಿಗೆ ಸುಮಾರು 3 ಕೋಟಿ 40 ಲಕ್ಷ ಎಕರೆ ಸೇರಿತಾದರೂ ಹಣಕ್ಕೆ ತಕ್ಕ ಫಲ ಬಂದಿಲ್ಲವೆಂಬ ಆಕ್ಷೇಪಣೆ ಎದ್ದಿತು. 1991ರಿಂದ ಮಣ್ಣಿನ ಫಲವತ್ತತೆಗೆ ತಕ್ಕಂತೆ ಗರಿಷ್ಠ ಗೇಣಿಯನ್ನೂ, ಮೇಲೆ ಹೇಳಿದ ಅಂಕಪದ್ಧತಿಯನ್ನೂ ತರಲಾಯಿತು.

ಎರಡನೆಯ ಕುಂದು ನ್ಯಾಯಕ್ಕೆ ಸಂಬಂಧಿಸಿದ್ದು. ಅಣ್ಣ ತನ್ನ ಪಾಲಿನ ಹುಲ್ಲುನೆಲವನ್ನು ಉತ್ತು ಗೋಧಿ ಬೆಳೆದ; ತಮ್ಮ ಉಳದೆ ದನ ಮೇಯಿಸಿಕೊಂಡು ಬಂದ. ಯೋಜನೆ ಬಂದಾಗ ಅಣ್ಣನಿಗೆ ಗೇಣಿ ಸಿಕ್ಕಿತು, ಏಕೆಂದರೆ ಅವನಿಗೆ ಸಾಗುವಳಿಯ ಇತಿಹಾಸವಿತ್ತು. ತಮ್ಮನಿಗೆ ಏನೂ ಇಲ್ಲ. ಕೆಡಿಸಿದವನಿಗೆ ಕೂಲಿ, ಕಾಪಾಡಿದವನಿಗೆ ಖಾಲಿ ಕೈ ಎಂದಂತಾಯಿತು. ಬಿತ್ತಿದ ಹುಲ್ಲು ಎಷ್ಟೇ ಚೆನ್ನಾಗಿದ್ದರೂ ಎಂದೂ ಉಳದ ನೆಲದ ಹುಲ್ಲಿಗೆ ಸಮನಾಗಲು ಬಹುಕಾಲ ಬೇಕು. ಆದ್ದರಿಂದ ತಮ್ಮನ ಹುಲ್ಲೇ ಹೆಚ್ಚು ಬೆಲೆಯುಳ್ಳದ್ದು.

ಈ ಕೊರತೆಯನ್ನು ತುಂಬಲು 2002ರ ಕಾನೂನಿನಲ್ಲಿ ಹುಲ್ಲುಗಾವಲು ಮೀಸಲು ಯೋಜನೆಯೊಂದು ಬಂದಿತು. ಇದರಲ್ಲಿ ದನ ಮೇಯಿಸಬಹುದು, ಮೇವು ಕೊಯ್ಯಬಹುದು. ಉಳುವಂತಿಲ್ಲ, ಕಟ್ಟಡ ಕಟ್ಟಿ ಬಡಾವಣೆ ಮಾಡುವಂತಿಲ್ಲ. ಕೆಲವರು ವರ್ಷಗಳ ಕರಾರಿಗೆ ಒಪ್ಪಿದರು. ಕೆಲವರು ಉಳುವ ಹಕ್ಕನ್ನು ಶಾಶ್ವತವಾಗಿ ಬಿಟ್ಟುಕೊಟ್ಟು ಒಟ್ಟು ಮೊತ್ತ ಪಡೆದರು. 2014ರಲ್ಲಿ ಕರಾರಿನ ಭಾಗವನ್ನು ಮೀಸಲು ಭೂಮಿ ಯೋಜನೆಗೆ ಸೇರಿಸಲಾಯಿತು. ಇಲ್ಲಿ ಗೇಣಿ ಮೇವಿನ ಬೆಲೆಯ ಮುಕ್ಕಾಲು ಭಾಗಕ್ಕೆ ಮೀರದು. ದನ ಮೇಯಿಸಿ ಆದಾಯ ಪಡೆಯಬಹುದಾದ್ದರಿಂದ ಈ ಕಡಿಮೆ ದರ ನ್ಯಾಯವೇ. 2018ರ ಕಾನೂನು ಇಂಥ ಹುಲ್ಲುಗಾವಲಿಗೆಂದು ಕನಿಷ್ಠ 20 ಲಕ್ಷ ಎಕರೆ ಮೀಸಲಿಡಬೇಕೆಂದಿತು. ಅಲ್ಲದೆ 2014ರ ಕಾನೂನಿನಂತೆ, ಮೊಂಟಾನ, ಉತ್ತರ ಡಕೋಟ, ದಕ್ಷಿಣ ಡಕೋಟ, ಮಿನೆಸೋಟ, ಅಯೋವ, ನೆಬ್ರಾಸ್ಕ ಈ ಆರು ರಾಜ್ಯಗಳಲ್ಲಿ ಮೂಲ ಹುಲ್ಲುನೆಲವನ್ನು ಹೊಸದಾಗಿ ಉತ್ತವನಿಗೆ ಮೊದಲ 4 ವರ್ಷ ಬೆಳೆವಿಮೆಯ ಸಹಾಯಧನವನ್ನು ಬಹುವಾಗಿ ಕಡಿತಗೊಳಿಸಲಾಯಿತು. ಒಂದು ಕೈಯಲ್ಲಿ ಹುಲ್ಲಿಗೆ ಹಣ ಕೊಟ್ಟು, ಇನ್ನೊಂದು ಕೈಯಲ್ಲಿ ಹುಲ್ಲು ಅಗೆಯುವವನ ನಷ್ಟವನ್ನು ತುಂಬಿಕೊಡುವುದು ಬೇಲಿಯೇ ಎದ್ದು ಹೊಲ ಮೇಯ್ದಂತಲ್ಲವೇ?

ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಕರಾರು ಮುಗಿದ ಮೇಲೆ ಏನು? 2007ರಲ್ಲಿ ಮೀಸಲು ಭೂಮಿ 3 ಕೋಟಿ 68 ಲಕ್ಷ ಎಕರೆಯಷ್ಟಾಗಿತ್ತು. ಅದೇ ಅದರ ಶಿಖರ. ಅಷ್ಟರಲ್ಲಿ ಮುಸುಕಿನ ಜೋಳದಿಂದ ಮೋಟಾರು ಇಂಧನಕ್ಕಾಗಿ ಎಥನಾಲ್ ತೆಗೆಯುವುದು ಹೆಚ್ಚಿತು, ಧಾನ್ಯದ ಬೆಲೆ ಏರಿತು. ಸರ್ಕಾರವೂ ಖರ್ಚು ತಗ್ಗಿಸಲು ಮಿತಿಯನ್ನು 2008ರ ಕಾನೂನಿನಲ್ಲಿ 3 ಕೋಟಿ 20 ಲಕ್ಷಕ್ಕೂ, 2014ರ ಕಾನೂನಿನಲ್ಲಿ 2 ಕೋಟಿ 40 ಲಕ್ಷಕ್ಕೂ ಇಳಿಸಿತು. ಏಳೆಂಟು ವರ್ಷಗಳಲ್ಲಿ ಒಂದು ಕೋಟಿ ಎಕರೆಗಿಂತ ಹೆಚ್ಚು ಭೂಮಿ ಯೋಜನೆಯಿಂದ ಹೊರಬಿದ್ದಿತು. ಅದರಲ್ಲಿ ಬಹಳಷ್ಟು ಮತ್ತೆ ನೇಗಿಲಿಗೆ ಸಿಕ್ಕಿತು. ಹತ್ತಿಪ್ಪತ್ತು ವರ್ಷ ಕೂಡಿಟ್ಟ ಸಾವಯವ ಅಂಶ ಕೆಲವೇ ಉಳುಮೆಗಳಲ್ಲಿ ಕರಗತೊಡಗುತ್ತದೆ. ಗೇಣಿ ಕೊಟ್ಟವನಿಗೆ ಸಿಗುವುದು ಕಾಲ ಮಾತ್ರ, ನೆಲವಲ್ಲ ಎಂಬುದನ್ನು ಇದು ತೋರಿಸಿತು.

ಕರಾರು ಮುಗಿದರೂ ಹುಲ್ಲು ಉಳಿದದ್ದು ಎಲ್ಲಿ? ಬಹುಮಟ್ಟಿಗೆ ದನ ಸಾಕುವವರ ಜಮೀನಿನಲ್ಲಿ. ಬೇಲಿ, ನೀರಿನ ತೊಟ್ಟಿ, ದನ ಇದ್ದವನಿಗೆ ಹುಲ್ಲೇ ಬೆಳೆ. ಅವನು ಅದನ್ನು ಅಗೆಯಲಾರ. ಈ ಪಾಠ ಮುಖ್ಯವಾದದ್ದು.

ಚೀನಾದ ದಾರಿ

ಹುಲ್ಲಿಗೆ ಹಣ ಕೊಡುವ ಇನ್ನೊಂದು ದೊಡ್ಡ ಯೋಜನೆ ಚೀನಾದಲ್ಲಿದೆ. ಅಲ್ಲಿ ತೊಂದರೆ ಬಂದದ್ದು ನೇಗಿಲಿಗಿಂತ ಹೆಚ್ಚಾಗಿ ಮಿತಿಮೀರಿದ ಕುರಿ-ಮೇಕೆಗಳಿಂದ. 2011ರಲ್ಲಿ ಒಳ ಮಂಗೋಲಿಯ, ಟಿಬೆಟ್, ಚಿಂಘೈ ಮುಂತಾದ 8 ಪ್ರಾಂತಗಳಲ್ಲಿ ಸರ್ಕಾರ ಕುರಿಗಾಹಿಗಳಿಗೆ ಎರಡು ಬಗೆಯ ಹಣ ಕೊಡತೊಡಗಿತು. ತೀರ ಹಾಳಾದ ಹುಲ್ಲುಗಾವಲಿನಲ್ಲಿ ಮೇಯಿಸುವುದನ್ನು ಪೂರ್ತಿ ನಿಲ್ಲಿಸಿದರೆ ವರ್ಷಕ್ಕೆ ಒಂದು ಮೂಗೆ 6 ಯುವಾನ್. ಹುಲ್ಲಿಗೆ ತಕ್ಕಷ್ಟೇ ಜಾನುವಾರು ಇಟ್ಟುಕೊಂಡರೆ 1.5 ಯುವಾನ್. ಒಂದು ಮೂ ಎಂದರೆ ನಮ್ಮ ಆರೂವರೆ ಗುಂಟೆಯಷ್ಟು. 2016ರಲ್ಲಿ ಈ ದರಗಳನ್ನು 7.5 ಮತ್ತು 2.5 ಯುವಾನಿಗೆ ಏರಿಸಲಾಯಿತು.

ಇಲ್ಲಿಯೂ ಲೆಕ್ಕ ಅದೇ. ಹಿಂಡನ್ನು ಮಾರಿದವನಿಗೆ ಸಿಗುವ ಹಣ ಹಿಂಡಿನಿಂದ ಬರುತ್ತಿದ್ದ ಆದಾಯಕ್ಕಿಂತ ಕಡಿಮೆಯಾದ ಕಡೆ, ಹಗಲು ಕಟ್ಟಿಹಾಕಿದ ಕುರಿಗಳು ರಾತ್ರಿ ಹುಲ್ಲುಗಾವಲಿಗೆ ಹೋದವು. ಕಾವಲು ಎಷ್ಟೇ ಬಿಗಿಯಾಗಿದ್ದರೂ ಹೊಟ್ಟೆಯ ಲೆಕ್ಕ ಕೂಡದಿದ್ದರೆ ಕಟ್ಟಳೆ ನಿಲ್ಲದು.

ಗಮನಿಸಬೇಕಾದ ಅಂಶಗಳು

ನಮ್ಮಲ್ಲಿ ಹುಲ್ಲು ಇರುವುದು ಹೆಚ್ಚಾಗಿ ಗೋಮಾಳಗಳಲ್ಲಿ, ಕಾವಲುಗಳಲ್ಲಿ, ಹೊಲದ ಬದುಗಳ ಮೇಲೆ. ಅಮೆರಿಕದ ರೈತನಂತೆ ಒಬ್ಬನೇ ನೂರಾರು ಎಕರೆಗೆ ಒಡೆಯನಾಗಿರುವುದು ವಿರಳ. ಆದ್ದರಿಂದ ಅಲ್ಲಿಯ ಯೋಜನೆಯನ್ನು ಹಾಗೆಯೇ ತಂದು ನೆಡಲಾಗದು. ಆದರೂ ಅಲ್ಲಿನ ಅನುಭವದಿಂದ ಹೊರಬಿದ್ದ ಕೆಲವು ಮಾತುಗಳು ಎಲ್ಲ ನೆಲಕ್ಕೂ ಸಲ್ಲುವಂಥವು:

1. ಹುಲ್ಲನ್ನು ಹಾಳುಮಾಡಿದ ಮೇಲೆ ಮತ್ತೆ ಬೆಳೆಸುವುದಕ್ಕಿಂತ ಇರುವುದನ್ನು ಉಳಿಸಿಕೊಳ್ಳುವುದು ಅಗ್ಗ.

2. ಸಹಾಯಧನ ಯಾವುದೇ ಇರಲಿ, ಮೊದಲ ವರ್ಷದ ಖರ್ಚು, ಕರಾರಿನ ಅವಧಿ, ಮುರಿದರೆ ತೆರಬೇಕಾದ ದಂಡ ಈ ಮೂರನ್ನೂ ಓದಿ ತಿಳಿದ ಮೇಲೆಯೇ ಸಹಿ ಹಾಕಬೇಕು.

3. ಒಳ್ಳೆಯ ಹೊಲವನ್ನು ಬೀಳು ಬಿಡುವುದರಲ್ಲಿ ಅರ್ಥವಿಲ್ಲ. ಇಳಿಜಾರಿನ, ತೆಳುಮಣ್ಣಿನ, ಹತ್ತರಲ್ಲಿ ಐದು ಬೆಳೆ ಕೈಕೊಡುವ ತುಂಡೇ ಹುಲ್ಲಿಗೆ ತಕ್ಕದ್ದು.

4. ಹುಲ್ಲನ್ನು ಮೇವಾಗಿ, ಹಾಲಾಗಿ, ಗೊಬ್ಬರವಾಗಿ ಬಳಸಿಕೊಳ್ಳುವ ದಾರಿಯಿದ್ದರೆ ಸಹಾಯಧನ ನಿಂತ ಮೇಲೂ ಅದು ಉಳಿಯುತ್ತದೆ. ಬರಿಯ ಹಣಕ್ಕಾಗಿ ಬೆಳೆಸಿದ ಹುಲ್ಲು ಹಣದೊಂದಿಗೇ ಹೋಗುತ್ತದೆ.

ನಿಮ್ಮ ಜಮೀನಿನಲ್ಲಿಯೂ ಇಂಥ ತುಂಡೊಂದು ಇರಬಹುದು. ಕಳೆದ ಹತ್ತು ವರ್ಷ ಅದಕ್ಕೆ ಹಾಕಿದ ಬೀಜ, ಗೊಬ್ಬರ, ಆಳಿನ ಖರ್ಚನ್ನೂ ಅದರಿಂದ ಬಂದ ಬೆಳೆಯನ್ನೂ ಒಂದು ಹಾಳೆಯಲ್ಲಿ ಎದುರುಬದುರು ಬರೆದು ನೋಡಿರಿ. ಉಳಿತಾಯ ಸೊನ್ನೆಯ ಹತ್ತಿರವಿದ್ದರೆ, ಆ ನೆಲ ನೇಗಿಲಿಗಿಂತ ಹುಲ್ಲಿಗೇ ತಕ್ಕದ್ದು ಎಂದು ತಿಳಿಯಬಹುದು. ಸರ್ಕಾರದ ಗೇಣಿ ಇರಲಿ ಇಲ್ಲದಿರಲಿ, ಮುಂಗಾರಿಗೆ ಮುನ್ನ ಅಲ್ಲಿ ಮೇವಿನ ಹುಲ್ಲು ಹಾಕುವ ವಿಚಾರವನ್ನು ಮನೆಯವರೊಡನೆ ಕುಳಿತು ಮಾಡುವುದು ಒಳ್ಳೆಯದು.